ಗಡಿ ದಾಟದ ದಿಂಬು

ಆಗ ನನಗೆ ನಲವತ್ತೆಂಟು. ಅದಾಗಿ ಮೂವತ್ತು ವರ್ಷ ದಾಟಿತು. ಜಿಲ್ಲೆಯ ಗಡಿಯಾಚೆ ಅಕ್ಕಿ ಒಯ್ಯಬಾರದು ಎಂದು ಸರ್ಕಾರ ನಿಯಮ ಮಾಡಿದ್ದ ಕಾಲ. ಭತ್ತ ಬೆಳೆದವರೂ ಒಂದು ಚೀಲ ಹಿಡಿದು ಚನ್ನಪಟ್ಟಣದ ಬಸ್ಸು ಹತ್ತುವಂತಿರಲಿಲ್ಲ.

ನಿಯಮ ಎಂದರೆ ನನಗೆ ಸಿಟ್ಟಿಲ್ಲ. ಎರಡನೇ ಕ್ಲಾಸಿನ ಓದು ನನ್ನದು, ಬೋರ್ಡುಗಳನ್ನು ಅಕ್ಷರ ಕೂಡಿಸಿ ಓದುತ್ತೇನೆ. ನಮ್ಮೂರು ಕೊಪ್ಪದ ಬಸ್ಸಿನಲ್ಲಿ 'ಬೀಡಿ ಸೇದಬಾರದು' ಎಂದಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಅದರ ಕೆಳಗೇ ಕೂತ ಕಂಡಕ್ಟರು ಒಂದು ಬೀಡಿ ಸೇದಿ ಮುಗಿಸುತ್ತಿದ್ದ.

ನಿಯಮ ಮಾಡುವುದರಲ್ಲಿ ನಾನೇನು ಕಡಿಮೆಯೇ? ಬಾಣಂತಿ ತಣ್ಣೀರು ಮುಟ್ಟಬಾರದು, ಮೊಸರು ತಿನ್ನಬಾರದು, ಹೊಸ ಅಕ್ಕಿಯ ಅನ್ನ ಉಣ್ಣಬಾರದು. ಚನ್ನಪಟ್ಟಣದಲ್ಲಿ ಗಂಡನ ಮನೆಯಲ್ಲೇ ಎರಡನೆಯದನ್ನು ಹೆತ್ತ ಮಗಳು ಎಲ್ಲವನ್ನೂ ಪಾಲಿಸಿದಳು. ಅಲ್ಲಿ ಸಿಗುತ್ತಿದ್ದುದೋ ಹೊಸ ಅಕ್ಕಿ, ಇಲ್ಲವೇ ರೇಷನ್ನಿನ ಮುಗ್ಗಲು ಅಕ್ಕಿ. ಮುಗ್ಗಲು ಉಂಡು ಹೊಟ್ಟೆ ಕೆಟ್ಟು, ಮೂರು ದಿನದಿಂದ ಬರೀ ಗಂಜಿನೀರು ಕುಡಿಯುತ್ತಿದ್ದಾಳೆ, ಕೂಸಿಗೆ ಹಾಲು ಸಾಲುತ್ತಿಲ್ಲ ಎಂದು ಅಳಿಯ ಹೇಳಿ ಕಳಿಸಿದ.

ಎಳೆಗೂಸಿನ ತಲೆ ದುಂಡಗಾಗಲೆಂದು ನಾವು ರಾಗಿ ತುಂಬಿದ ದಿಂಬು ಇಡುತ್ತೇವೆ. ನಾನು ರಾಗಿಯ ಬದಲು ಹಳೆ ಅಕ್ಕಿ ತುಂಬಿ ಹೊಲಿದೆ. ಆಸೆ ಕೆಟ್ಟದ್ದು, ಐದು ಸೇರು ತುಂಬಿದೆ.

ಗಡಿಯಲ್ಲಿ ತಪಾಸಣೆಯವನು ಬಸ್ಸು ಹತ್ತಿ ದಿಂಬು ಎತ್ತಿ ನೋಡಿದ.

"ಏನವ್ವಾ ಇದು?"

"ಕೂಸಿನ ದಿಂಬು ಕಣಪ್ಪ."

"ಕೂಸಿನ ತಲೆ ಎಷ್ಟು ದಪ್ಪ ಅದೆ?"

ಬಸ್ಸೆಲ್ಲ ನಕ್ಕಿತು. ಅವನು ದಿಂಬು ಹಿಸುಕಿದ. "ನಮ್ಮನೇಲೂ ಕೂಸದೆ ಕಣವ್ವ. ರಾಗಿ ಜಾರ್ತದೆ, ಇದು ಚುಚ್ತದೆ. ಅಕ್ಕಿ ಬುಟ್ಟೋಗು, ಇಲ್ಲಾ ನೀನೂ ಇಳಿ."

"ಬಾಣಂತಿಗೆ ಕಣ್ಲಾ, ಮಾರಾಕಲ್ಲ!"

"ನಾನೇನ್ ಮಾಡ್ಲವ್ವ? ಇಳಿ."

ಇಳಿದೆ, ದಿಂಬಿನ ಸಮೇತ. ವಾಪಸು ಬಸ್ಸಿಗೆ ಕಾಯುತ್ತ ರಸ್ತೆ ಬದಿ ಕೂತೆ. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. ಕೆಲಸಕ್ಕೆ ಹೊರಟ ಒಬ್ಬನನ್ನು ಇಳಿಸಿ ಬುತ್ತಿ ಬಿಚ್ಚಿಸಿದರು. ಅನ್ನ ಕಂಡು ಮತ್ತೆ ಬಸ್ಸು ಹತ್ತಿಸಿದರು. ಸರ್ಕಾರದ ನಿಯಮ ಒಲೆಯವರೆಗೆ ಮಾತ್ರ ಬರುತ್ತದೆ ಎಂದು ನನಗೆ ತಿಳಿದದ್ದು ಅಲ್ಲಿ.

ಮಾರನೆಯ ಬೆಳಿಗ್ಗೆ ಎದ್ದವಳೇ ಹಳೆ ಅಕ್ಕಿಯ ಅನ್ನ ಮಾಡಿ, ಪಾತ್ರೆಗೆ ಬಟ್ಟೆ ಸುತ್ತಿ ಮೊದಲ ಬಸ್ಸು ಹತ್ತಿದೆ. ಗಡಿಯಲ್ಲಿ ಅವನು ಕೇಳುವ ಮೊದಲೇ ಮುಚ್ಚಳ ತೆಗೆದೆ. ಹಬೆ ಮುಖಕ್ಕೆ ಬಡಿದು ಹಿಂದೆ ಸರಿದ. ಅನ್ನ ಆರುವ ಮೊದಲೇ ಚನ್ನಪಟ್ಟಣ ಮುಟ್ಟಿದೆ. ಮಗಳು ಎರಡು ಸಲ ಬಡಿಸಿಕೊಂಡು ಉಂಡಳು.