ಮೊದ್ಲ ಅವರದು ಹೇಳು

ಅಬ್ಬಿಗೇರಿಯ ಹೊನ್ನವ್ವನ ಕಟ್ಟೆಗೆ ಜಗಳ ತಂದವರು ಯಾರೂ ಅಲ್ಲಿ ತಮ್ಮ ದೂರು ತಾವು ಹೇಳುವಂತಿಲ್ಲ. “ನಿಂದು ಆಮ್ಯಾಲ. ಮೊದ್ಲ ಅವರದು ಹೇಳು,” ಎನ್ನುತ್ತಾಳೆ ಆಕೆ, ಹತ್ತಿ ಬಿಡಿಸುತ್ತಲೇ. ರೋಣದಲ್ಲಿ ನಡೆದ ರಾಜಿ ಸಂಧಾನದ ತರಬೇತಿಯಿಂದ ಆಕೆ ಕಲಿತು ತಂದದ್ದು ಇದೊಂದೇ ವಿದ್ಯೆ. ಉಳಿದ ಹೊತ್ತು ನಿದ್ದೆ ಬಂದಿತ್ತಂತೆ. ಎದುರಿನವನು “ಹೌದು, ಇದ ನನ್ನ ಮಾತು” ಎಂದು ಒಪ್ಪುವ ತನಕ ಯಾರಿಗೂ ಬಿಡುಗಡೆಯಿಲ್ಲ. ಹೊಲದ ಬದುವಿಗಾಗಿ ಪಕ್ಕದ ಹೊಲದ ಕಲ್ಲೇಶನೊಡನೆ ಬಡಿದಾಡಿ ಬಂದ ಈಶಪ್ಪ, ಅವನ ಸಂಕಟ ಹೇಳುತ್ತ ಹೇಳುತ್ತ ಎಷ್ಟು ಸಿಟ್ಟಾದನೆಂದರೆ, ತನ್ನನ್ನೇ ಬೈದುಕೊಂಡು ಬದು ಬಿಟ್ಟುಕೊಟ್ಟ. ಈಗ ಗಜೇಂದ್ರಗಡದ ಬಸ್ಸಿನಲ್ಲಿ ಸೀಟಿಗೆ ಜಗಳವಾದರೂ ನಮ್ಮೂರವರು “ನಿಮಗ ಕಾಲನೋವು ಇದ್ದೀತ್ರಿ, ಖರೇ” ಎಂದೇ ಶುರುಮಾಡುತ್ತಾರೆ. ಬೇರೆ ಊರಿನವರು ಕಂಗಾಲಾಗುತ್ತಾರೆ. ಇಂಥ ಹೊನ್ನವ್ವ, ತನ್ನ ಮಗಳ ಮದುವೆಯಾದಾಗಿನಿಂದ ಓರಗಿತ್ತಿ ಹೊಳೆವ್ವನೊಡನೆ ಮಾತ್ರ ಮಾತು ಬಿಟ್ಟಿದ್ದಳು. ಮೊನ್ನೆ ನೆಟ್ಟಗೆ ಹೋಗಿ ಆಕೆಯ ಮುಚ್ಚಿದ ಬಾಗಿಲ ಮುಂದೆ ನಿಂತಳು. “ನಿಂದು ಹೇಳಾಕ ಬಂದೀನಿ. ಮದುವಿಗೆ ನಾ ಬಂದು ಕುಂಕುಮ ಹಚ್ಚಿ ಕರೀಲಿಲ್ಲ. ಬ್ಯಾರೇರ ಕೈಯಾಗ ಲಗ್ನಪತ್ರ ಕಳಿಸಿದೆ.” “ಪೂರಾ ಆಗಲಿಲ್ಲ,” ಎಂದಳು ಹೊಳೆವ್ವ ಒಳಗಿನಿಂದ. ಓಣಿಗೆ ಓಣಿಯೇ ಕಿವಿಯಾಯಿತು. ಹೊನ್ನವ್ವನ ದನಿ ಸಣ್ಣದಾಯಿತು. “ಆ ಕೂಸಿಗೆ ಎಣ್ಣಿ ತಿಕ್ಕಿ, ಎರದು ಬೆಳಿಸಿದಾಕಿ ನೀ. ನಿನ್ನ ನಾ ಬೀಗರ ಸಾಲಿನಾಗ ನಿಂದ್ರಿಸಿದೆ.” ಬಾಗಿಲು ತೆರೆಯಿತು. “ಹೌದು, ಇದ ನನ್ನ ಮಾತು,” ಎಂದ ಹೊಳೆವ್ವನ ಕೈಯಲ್ಲಿ ಕುಂಕುಮದ ಬಟ್ಟಲಿತ್ತು. “ಒಳಗ ಬಂದು ಕುಂದ್ರು. ಇನ್ನ ನಿಂದು ನಾ ಹೇಳತೀನಿ.”