ರೊಟ್ಟಿಯ ಹಂಚಿನ ಮೇಲೆ ಕ್ಯಾಮೆರಾ ಗಾಜು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆಲಮಟ್ಟಿಯಲ್ಲಿ ಕಟ್ಟುತ್ತಿದ್ದ ಅಣೆಕಟ್ಟಿನ ಎದುರು ನಾನು ಕಲಿಸುತ್ತಿದ್ದ ಶಾಲೆಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕ್ಯಾಮೆರಾ ಹುಡುಕಿದೆ. ಊಟಕ್ಕೆ ಕೂರುವಾಗ ಅದನ್ನು ಏಪ್ರಿಲ್ ಬಿಸಿಲಿನ ಕರಿಬಂಡೆಯ ಮೇಲೆ ನಾನೇ ಇಟ್ಟಿದ್ದೆ. ಮಸೂರದೊಳಗೆ, ನೀರಿನ ಮೇಲೆ ಎಣ್ಣೆ ಹರಡಿದಂತೆ, ಬಣ್ಣದ ಉಂಗುರಗಳು ಎದ್ದಿದ್ದವು.

ಮೊನ್ನೆ ಮೊಮ್ಮಗಳ ಕಾಲೇಜಿನ ಪೆಟ್ಟಿಗೆಯಲ್ಲಿದ್ದ ಬಾಲ್ಸಂ ಅಂಟಿನ ಶೀಶೆಯ ಮುಚ್ಚಳ ತೆಗೆದೆ. ಅದೇ ರಾಳದ ವಾಸನೆ... ಕನ್ನಡಕದ ಕಾಕಾ ಎದುರಿಗೆ ಬಂದು ಕುಳಿತಂತಾಯಿತು.

ಕ್ಯಾಮೆರಾ ಸಿಂದಗಿಯಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವನದು. ಅವನಿಗಿದ್ದದ್ದು ಅದೊಂದೇ. ಶುಕ್ರವಾರ ಇಂಡಿ ಪಟ್ಟಣದಲ್ಲಿ ಮದುವೆಯ ಫೋಟೊ ತೆಗೆಯಬೇಕಿತ್ತು. ಗುರುವಾರ ಬಂದು ಒಯ್ಯುತ್ತೇನೆಂದಿದ್ದ. ನಾವು ಆಲಮಟ್ಟಿಗೆ ಹೋದದ್ದು ಮಂಗಳವಾರ.

ಮುದ್ದೇಬಿಹಾಳದಲ್ಲಿ ನಮ್ಮ ಶಾಲೆಯ ಎದುರಿಗೇ ಕಾಕಾನ ಕನ್ನಡಕದ ಅಂಗಡಿ. ಬುಧವಾರ ಬೆಳಗ್ಗೆ ಮಸೂರವನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಜು ಒಡದಿಲ್ರಿ ಅಕ್ಕೋರ. ಎರಡು ಗಾಜು ಕೂಡ್ಸಿದ ಅಂಟು ಬಿಟ್ಟೈತಿ. ಗಂಡ-ಹೆಂಡ್ತಿ ಮಾರಿ ತಿರುವಿ ಕುಂತಾಂಗ."

"ಮತ್ತ ಕೂಡಸಾಕ ಬರ್ತೈತೇನ್ರಿ ಕಾಕಾ?"

"ಅಂಟು ನನ್ನ ಕಡೆ ಇಲ್ಲ. ನಿಮ್ಮ ಸಾಲ್ಯಾಗ ಹೂವಿನ ಎಸಳು ಗಾಜಿನ ಮ್ಯಾಲೆ ಅಂಟಸ್ತೀರಲ್ಲ, ಅದನ್ನ ತರ್ರಿ."

ಸಸ್ಯಶಾಸ್ತ್ರ ಓದಿದವಳು ನಾನು. ಬಾಲ್ಸಂ ನನ್ನದೇ ಕಪಾಟಿನಲ್ಲಿತ್ತು. ಹೊಳೆದದ್ದು ಅವರಿಗೆ.

ಮೊದಲು ಜೋಡಿಗಾಜಿನ ಅಂಚಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಮತ್ತೆ ಹಾಗೆಯೇ ಕೂರಬೇಕಲ್ಲ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಿನಲ್ಲಿ ಗಾಜನ್ನಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿದರು. ಮಧ್ಯಾಹ್ನದ ಹೊತ್ತಿಗೆ ಗಾಜುಗಳು ಒಂದರ ಮೇಲಿಂದೊಂದು ಜಾರಿದವು. ಆರಿದ ಮೇಲೆ ಹಳೆಯ ಅಂಟು ಒರೆಸಿ, ರೊಟ್ಟಿಯ ಹಂಚಿನಲ್ಲಿ ಮರಳು ಹರಡಿ ಅವುಗಳನ್ನು ನಿಧಾನಕ್ಕೆ ಬಿಸಿ ಮಾಡಿದರು. ನಡುವೆ ಬಾಲ್ಸಂನ ಒಂದೇ ಹನಿ. ಗುಳ್ಳೆ ಉಳಿಯದಂತೆ ತಿರುವುತ್ತ ತಿರುವುತ್ತ ಒತ್ತಿದಾಗ ಗೆರೆಗೆ ಗೆರೆ ಕೂಡಿತು.

ಒಳಗಿನಿಂದ ಕಾಕಿಯ ದನಿ: "ನನ್ನ ಹಂಚು ಒಯ್ದೀರಿ. ರೊಟ್ಟಿ ಬ್ಯಾಡೇನು ಇವತ್ತ?"

"ಇವತ್ತ ಗಾಜು ತಿನ್ನೂಣು," ಎಂದ ಕಾಕಾ ನನ್ನತ್ತ ತಿರುಗಿದರು. "ಈಗ ತಣ್ಣೀರು ಒಂದು ಹನಿ ತಾಗಿದ್ರ ಚೂರು ನೋಡ್ರಿ."

ಬೆಳಕಿಗೆಂದು ಒಲೆಯನ್ನು ಹೊಸ್ತಿಲ ಪಕ್ಕದಲ್ಲೇ ಇಟ್ಟಿದ್ದರು. ದೀಪ ಹಚ್ಚುವ ಮುಂಚೆ ಕಾಕಿ ದಿನವೂ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಮರೆತಿದ್ದೆವು. ಕಾಕಿ ತಂಬಿಗೆ ಹಿಡಿದು ಬಂದದ್ದು, ತಂಬಿಗೆಯೊಳಗೆ ಅದ್ದಿದ ಕೈ ಮೇಲೆದ್ದದ್ದು... ಎಲ್ಲ ಕಂಡೆ.

ಕಾಕಾ ತಲೆಯ ಮೇಲಿನ ಗಾಂಧಿ ಟೋಪಿ ಕಿತ್ತು ಗಾಜಿನ ಮೇಲೆ ಹಿಡಿದರು. ನೀರು ಟೋಪಿಯ ಮೇಲೆ ಬಿತ್ತು. ಒಂದು ಹನಿ ಮಾತ್ರ ಗಾಜಿನ ಪಕ್ಕದ ಮರಳಿಗೆ ಬಿದ್ದು ಚುಂಯ್ ಎಂದಿತು. ಅವರ ಮಣಿಕಟ್ಟು ಹಂಚಿನ ಅಂಚಿಗೆ ತಾಗಿತ್ತು. ಗಾಜು ಒಲೆಯಿಂದಿಳಿಯುವವರೆಗೂ ಅವರು ಕೈ ಅಲುಗಿಸಲಿಲ್ಲ.

"ನಿನ್ನ ಕೈಗಿ ಕಣ್ಣಿಲ್ಲೇನ?"

"ಬಾಗಲದಾಗ ಒಲಿ ಇಟ್ಟಾಂವ ಯಾರು?" ಎಂದ ಕಾಕಿ, ಗಂಡನ ಸುಟ್ಟ ಕೈಯನ್ನು ಅದೇ ತಂಬಿಗೆಯ ನೀರಿನಿಂದ ತೋಯಿಸತೊಡಗಿದರು.

ಗಾಜು ರಾತ್ರಿಯೆಲ್ಲ ಮರಳಿನಲ್ಲೇ ತಣ್ಣಗಾಯಿತು. ಗುರುವಾರ ಬೆಳಗ್ಗೆ ಉಂಗುರಗಳಿರಲಿಲ್ಲ. ಕಾಕಾ ಅದನ್ನು ಆಕಾಶಕ್ಕೆ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಮದುಮಗಳ ನತ್ತಿನ ಮುತ್ತು ಎಣಿಸಾಕ ಹೇಳ್ರಿ ನಿಮ್ಮ ಮಾವಗ!"

ಅಂದೇ ಬಂದ ಮಾವನಿಗೆ ಎಲ್ಲವನ್ನೂ ಹೇಳಿದೆ. ಬೈಯಲು ಬಾಯಿ ತೆರೆದವನು ಮಸೂರ ನೋಡಿದ; ಬೈಗುಳ ಮರೆತ. ಆದರೂ ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ಸಾಕು, ತಂಬಿಗೆಯಿಂದ ಆ ಕೈ ಮೇಲೇಳುತ್ತಿತ್ತು. ಮತ್ತೆ ಅಂಟಿಸಿದ ಗಾಜು ಇಂಡಿಯ ಮದುವೆಯಲ್ಲಿ ಕೈಕೊಟ್ಟಿದ್ದರೆ?

ಮುಂದಿನ ಭಾನುವಾರ ಬಾಗೇವಾಡಿ ಬಸ್ಸಿನ ಕಂಡಕ್ಟರ್ ಮಾವ ಕಳಿಸಿದ್ದ ಲಕೋಟೆ ಕೊಟ್ಟ. ಒಳಗೆ ಮದುಮಗಳ ಫೋಟೊ. ಕಾಕಾನ ಅಂಗಡಿಗೆ ಓಡಿದೆ. ಪಟ್ಟಿ ಕಟ್ಟಿದ ಕೈಯಲ್ಲಿ ಅವರು ಭೂತಗನ್ನಡಿ ಹಿಡಿದರು. ಕಾಕಿ ಬಗ್ಗಿ ಎಣಿಸಿದರು: "ಒಂದು, ಎರಡು... ಏಳು! ಏಳೂ ಬ್ಯಾರೆ ಬ್ಯಾರೆ ಕಾಣಾಕತ್ತಾವ!"

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಅಂಗಡಿಯ ಜಾಗದಲ್ಲಿ ಈಗ ಬೇರೆ ಏನೋ ಇದೆ. ಅವರ ಮಣಿಕಟ್ಟಿನ ಮೇಲೆ ಹಂಚಿನ ಅಂಚು ಉಳಿಸಿದ ಕಮಾನಿನಂಥ ಕಲೆಯ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ... ಆಡಬೇಕಿತ್ತು.

ಮೊನ್ನೆ ಶೀಶೆ ಮುಚ್ಚಿಟ್ಟ ಮೇಲೂ ತಂಬಿಗೆಯಿಂದ ಆ ಕೈ ಮೇಲೇಳುತ್ತಲೇ ಇತ್ತು. ಆಗ ಆ ಏಳು ಮುತ್ತುಗಳನ್ನು ಎಣಿಸಿಕೊಂಡೆ. ಫೋಟೊ ಬಂದ ಆ ಭಾನುವಾರ ರಾತ್ರಿಯೂ ಹಾಗೆಯೇ ಎಣಿಸುತ್ತ ಮಲಗಿದ್ದೆ. ಮರುದಿನ ಕಣ್ಣು ಬಿಟ್ಟಾಗ ನಮ್ಮ ಶಾಲೆಯಲ್ಲಿ ಮೊದಲ ಗಂಟೆ ಹೊಡೆಯುತ್ತಿತ್ತು.