ಕತ್ತಿಯ ತುಕ್ಕು

ಒಂಬತ್ತು ಸಾವಿರ ಕೊಟ್ಟೆ. ಮೊದಲ ಸಲ ನೋಡಿದಾಗ ಅದೇ ಕತ್ತಿಗೆ ನಲವತ್ತರವರೆಗೂ ಹೋಗಲು ತಯಾರಿದ್ದೆ. ನಡುವೆ ಆದದ್ದು ಇಷ್ಟೇ: ಮಾಲೀಕರು ಅದನ್ನು ಚೊಕ್ಕಟ ಮಾಡಿಸಿದ್ದರು.

ನಾನು ನಲ್ಲಿ, ಪೈಪು ಮಾರಿ ಮೇಲೆ ಬಂದವನು. ಬ್ರಿಟಿಷ್ ಸೇನಾಧಿಕಾರಿಗಳ ಹಳೆಯ ಕತ್ತಿ ಕೂಡಿಸುವುದು ನನ್ನ ಹುಚ್ಚು. ಈ ಹುಚ್ಚಿನ ಉಳಿದವರ ಮೇಲೆ ನನಗೆ ಕಾಸಿನ ಗೌರವವಿಲ್ಲ. ಟೀವಿಯ ಮೇಲೆ ಕತ್ತಿ ತೂಗುಹಾಕಿ, ಬಂದವರಿಗೆಲ್ಲ ಶ್ರೀರಂಗಪಟ್ಟಣದ ಯುದ್ಧದ್ದು ಅನ್ನುತ್ತಾರೆ. ನೋಡಿದರೆ ಪರೇಡಿಗೆ ಸೊಂಟಕ್ಕೆ ಕಟ್ಟಿಕೊಳ್ಳಲು ಎಷ್ಟೋ ಕಾಲದ ಮೇಲೆ ಮಾಡಿಸಿದ್ದು. ಒಂದು ಸೌತೆಕಾಯಿಯನ್ನೂ ಕೊಯ್ದಿರದು.

ನನಗೆ ಬೇಕಾದದ್ದು ಶೌರ್ಯವಲ್ಲ, ಹೆಸರು. ಆ ಅಧಿಕಾರಿಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಎಷ್ಟೋ ಜನ ಅಲಗಿನ ಮೇಲೆ ಹೆಸರಿನ ಮೊದಲಕ್ಷರಗಳನ್ನು ಕೊರೆಸುತ್ತಿದ್ದರು. ಅವು ಸಿಕ್ಕರೆ ಹಳೆಯ ಸೇನಾ ಪಟ್ಟಿಗಳಲ್ಲಿ ಮನುಷ್ಯನನ್ನು ಹುಡುಕಬಹುದು. ಸಿಗದಿದ್ದರೆ ಅದು ಬರೀ ಉದ್ದನೆಯ ಚಾಕು.

ಈ ಕತ್ತಿ ಇದ್ದದ್ದು ಚಾಮರಾಜಪೇಟೆಯಲ್ಲಿ, ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರ ಮನೆಯಲ್ಲಿ. ಆಯುಧಪೂಜೆಗೆ ಕೆಳಗಿಳಿದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಅಟ್ಟ ಸೇರುತ್ತಿತ್ತಂತೆ. ಹಿಡಿಯ ಹತ್ತಿರ, ತುಕ್ಕಿನ ಕೆಳಗೆ ಮೂರು ಅಕ್ಷರ ಕಂಡವು. ಮೊದಲನೆಯದನ್ನು ಓದಿದೆ, ಉಳಿದೆರಡಕ್ಕೆ ಎಣ್ಣೆ ಹಚ್ಚಿ ಕೂರಬೇಕಿತ್ತು. ಫೋಟೊ ತೆಗೆದರೆ ನನ್ನ ಆಸೆ ಗೊತ್ತಾಗುತ್ತದೆಂದು ತೆಗೆಯಲಿಲ್ಲ. ಅವರು ಅರವತ್ತು ಸಾವಿರ ಅಂದರು. ನಾನು ಮೂಗು ಮುರಿದೆ.

“ಏನ್ ಸಾರ್ ಇದು, ಪೂರ್ತಿ ತುಕ್ಕು ಹಿಡ್ದೋಗಿದೆ. ಅಷ್ಟು ಯಾರ್ ಕೊಡ್ತಾರೆ?”

ಭಾನುವಾರ ನೋಡೋಣವೆಂದು ಎದ್ದು ಬಂದೆ. ಎದ್ದು ಬಂದರೆ ಬೆಲೆ ಇಳಿಯುತ್ತದೆ, ಇದು ನಲ್ಲಿಯಿಂದ ಸೈಟಿನವರೆಗೆ ಎಲ್ಲಕ್ಕೂ ಸಲ್ಲುವ ಮಾತು.

ಭಾನುವಾರ ಹೋದರೆ ಬಿಳಿ ಟವೆಲಿನ ಮೇಲೆ, ನಮ್ಮ ಅಂಗಡಿಯ ಶವರಿನ ಹಾಗೆ ಫಳಫಳ ಹೊಳೆಯುವ ಕತ್ತಿ. ನಗರ್ತಪೇಟೆಗೆ ಒಯ್ದು ಪಾಲಿಶ್ ಯಂತ್ರಕ್ಕೆ ಕೊಡಿಸಿದ್ದರು.

“ನೀವು ತುಕ್ಕು ಅಂದ್ರಲ್ಲ, ತೆಗೆಸ್ಬಿಟ್ಟೆ. ಈಗ ಮಾತಾಡಿ. ಎಪ್ಪತ್ತಕ್ಕೆ ಕಮ್ಮಿ ಇಲ್ಲ.”

ಕಿಟಕಿಯ ಬಳಿ ಒಯ್ದು ವಾಲಿಸಿ ನೋಡಿದೆ. ನನ್ನ ಮುಖ ಕಂಡಿತು, ಅಕ್ಷರ ಕಾಣಲಿಲ್ಲ. ಇಲ್ಲಿ ಅಕ್ಷರಗಳಿದ್ದವಲ್ಲ ಅಂದೆ. ಏನೋ ಗೀರುಗಳಿದ್ದವು, ಹುಷಾರಿ ಕೆಲಸಗಾರ, ಒಂದೂ ಬಿಡದೆ ತೆಗೆದ ಅಂದರು. ಜೀವಮಾನವೆಲ್ಲ ಚೆಕ್ಕಿನ ಮೇಲಿನ ಸಹಿ ನೋಡಿ ಸಂಬಳ ತೆಗೆದುಕೊಂಡ ಮನುಷ್ಯ.

ಎಪ್ಪತ್ತಕ್ಕೆ ಯಾರೂ ಬರಲಿಲ್ಲ. ಕೆಲವು ತಿಂಗಳ ಮೇಲೆ ಅವರೇ ಫೋನ್ ಮಾಡಿದರು. ಹಿಡಿಯ ಕೆತ್ತನೆ ಚೆನ್ನಾಗಿತ್ತು, ಅದಕ್ಕಷ್ಟೇ ಬೆಲೆ ಕಟ್ಟಿ ತಂದೆ. ಮೊದಲ ಸಲ ಓದಿದ್ದ ಆ ಒಂದಕ್ಷರ ಹಿಡಿದು ಪಟ್ಟಿ ನೋಡಿದರೆ ಪುಟಗಟ್ಟಲೆ ಜನ. ಇವನು ಯಾವನೆಂದು ಇನ್ನು ಗೊತ್ತಾಗುವುದಿಲ್ಲ.

ನೀವು ಕೊಳ್ಳಲು ಹೋದರೆ ಅಲಗಿನ ತುಕ್ಕನ್ನು ಮಾತ್ರ ಹಳಿಯಬೇಡಿ. ಒರೆಯನ್ನು ಹಳಿಯಿರಿ, ಒರೆ ಇಲ್ಲದಿದ್ದರೆ ಇಲ್ಲವೆಂದು ಹಳಿಯಿರಿ. ಆಸೆ ಗೊತ್ತಾದರೂ ಚಿಂತೆಯಿಲ್ಲ, ಫೋಟೊ ತೆಗೆದುಕೊಳ್ಳಿ. ಲೈಸೆನ್ಸಿನ ವಿಷಯ ಮೊದಲೇ ವಕೀಲರನ್ನು ಕೇಳಿಟ್ಟುಕೊಂಡು, ಕುದುರಿದ ದಿನವೇ ಕತ್ತಿ ಮನೆಗೆ ತನ್ನಿ. ಆಮೇಲೆ ತೆಳ್ಳಗೆ ಮಿಷನ್ ಎಣ್ಣೆ, ಹಳೆಯ ಪಂಚೆಯ ತುಂಡು, ಅಷ್ಟೇ ಸಾಕು. ಹುಣಸೆಹಣ್ಣು ಹಿಡಿದು ಬಂದವರನ್ನು ಕೋಣೆಯೊಳಗೆ ಬಿಡಬೇಡಿ.